ಓಮದ ಕಾಳೂ ಎಳೆಗರುವಿನ ಹೊಟ್ಟೆಯೂ



ಚರಿತ್ರೆಯೆಂದೊಡನೆ ಅರಮನೆಯನ್ನೋ ರಣರಂಗವನ್ನೋ ನೆನೆಯುವುದು ನಮ್ಮಲ್ಲಿ ವಾಡಿಕೆಯಾಗಿ ಹೋಗಿದೆ. ಈ ಸಾಯಂಕಾಲ ನಾನು ತಮ್ಮನ್ನು ಕರೆದುಕೊಂಡು ಹೋಗಬೇಕೆಂದಿರುವ ಸ್ಥಳವು ದನದ ಕೊಟ್ಟಿಗೆ. ಅಲ್ಲಿ ನಿಂತಿರುವ ಹಸುವನ್ನು ಎಲ್ಲರೂ ನೋಡುತ್ತಾರೆ. ಏತಕ್ಕೆಂದರೆ ಹಾಲು ಕೊಡುವುದು ಅದು. ಅದರ ಪಕ್ಕದ ಗೂಟಕ್ಕೆ ಕಟ್ಟಿರುವ ಎಳೆಗರುವಿನ ಹೊಟ್ಟೆಯ ವೃತ್ತಾಂತವು ನನ್ನ ಇಂದಿನ ವಿಷಯ.

ಹುಟ್ಟಿದ ಕೆಲವು ವಾರಗಳೊಳಗಾಗಿ ಹೊಟ್ಟೆ ಕೆಟ್ಟು, ಉಚ್ಚಿಕೊಂಡು, ಸಾಯುವ ಕರುಗಳೂ ಕುರಿಮರಿಗಳೂ ಹಂದಿಮರಿಗಳೂ ಎಲ್ಲ ದೇಶಗಳಲ್ಲಿಯೂ ಉಂಟು, ಎಲ್ಲ ಕಾಲದಲ್ಲಿಯೂ ಇದ್ದುವು. ಈ ಸಾವನ್ನು ತಡೆಯುವುದಕ್ಕೆ ಮನುಷ್ಯನು ಬಹುಕಾಲ ಬೇರು, ಕಾಳು, ತೊಗಟೆಗಳನ್ನು ನಂಬಿದ್ದನು. ೧೯೫೦ರ ತರುವಾಯ ಅವುಗಳನ್ನು ಅಜ್ಜಿಯ ಮದ್ದೆಂದು ಬದಿಗೊತ್ತಿ, ಆಂಟಿಬಯಾಟಿಕ್ ಎಂದು ನಾವೆಲ್ಲರೂ ಬಲ್ಲ ಪ್ರತಿಜೀವಕ ಔಷಧಗಳನ್ನು ಮೇವಿನಲ್ಲಿಯೇ ಬೆರೆಸತೊಡಗಿದನು. ಈ ಶತಮಾನವು ಹುಟ್ಟಿದ ಮೇಲೆ, ಆ ಔಷಧಗಳನ್ನು ಮೇವಿನಿಂದ ತೆಗೆದುಹಾಕುವಂತೆ ಒಂದೊಂದು ದೇಶವೂ ಶಾಸನ ಮಾಡಲು, ಪುನಃ ಬೆಳ್ಳುಳ್ಳಿ, ದಾಲ್ಚಿನ್ನಿ, ಓಮಗಳ ಸತ್ವವನ್ನು ಹುಡುಕಿಕೊಂಡು ಹೊರಟಿದ್ದಾನೆ. ಇದನ್ನು ನಮ್ಮ ಪೂರ್ವಿಕರ ಜಯವೆಂದು ಹಿಗ್ಗುವವರುಂಟು. ವರ್ತಕರ ಹೊಸ ಹೂಟವೆಂದು ಹಳಿಯುವವರೂ ಉಂಟು. ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಎರಡು ಮಾತೂ ಅರೆಬೆಂದುವೆಂದು ನನಗೆ ತೋರುತ್ತದೆ. ಮೇವಿಗೆ ಏನನ್ನು ಸೇರಿಸಿದರು ಎಂಬುದಕ್ಕಿಂತ, ಅದಕ್ಕೆ ಮುಂಚೆ ಮರಿಯಿಂದ ಏನನ್ನು ಕಿತ್ತುಕೊಂಡಿದ್ದರು ಎಂಬ ಪ್ರಶ್ನೆಯೇ ಈ ಕಥೆಯಲ್ಲಿ ಹೆಚ್ಚಿನದು.

ಮೊದಲು ಕರುವಿನ ಹೊಟ್ಟೆಯ ವಿಚಾರ. ಹಸುವಿಗೆ ನಾಲ್ಕು ಜಠರಗಳೆಂಬುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಎಳೆಗರುವಿಗೂ ನಾಲ್ಕೇ ಇದ್ದರೂ ಮೆಲುಕಿನ ದೊಡ್ಡ ಚೀಲವು ಇನ್ನೂ ಬೆಳೆದಿರುವುದಿಲ್ಲ. ಕರು ಮೊಲೆಗೆ ಬಾಯಿ ಹಾಕಿದೊಡನೆ ಅನ್ನನಾಳದ ಕೊನೆಯಲ್ಲಿರುವ ಒಂದು ತೋಡು ಮಡಚಿಕೊಂಡು ಕೊಳವೆಯಾಗಿ, ಹಾಲನ್ನು ನೇರವಾಗಿ ನಾಲ್ಕನೆಯ ಜಠರಕ್ಕೆ ಸಾಗಿಸುತ್ತದೆ. ಹೀಗೆ ಆ ಪ್ರಾಣಿಯು ಮೊದಲ ಕೆಲವು ವಾರ ಹುಲ್ಲು ತಿನ್ನುವ ಜಾತಿಯದಾಗಿಯೂ ಹಾಲಿನಿಂದಲೇ ಬದುಕತಕ್ಕದ್ದು. ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದುಂಟು. ಮನುಷ್ಯಶಿಶುವು ತಾಯಿಯ ಗರ್ಭದಲ್ಲಿರುವಾಗಲೇ ರೋಗವನ್ನು ತಡೆಯುವ ಸತ್ವವನ್ನು ತಾಯಿಯ ರಕ್ತದಿಂದ ಪಡೆದುಕೊಂಡು ಹುಟ್ಟುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಅದು ಬರಿಗೈಯಲ್ಲಿ ಭೂಮಿಗೆ ಬೀಳುತ್ತದೆ. ಅದರ ಪಾಲಿನ ರಕ್ಷೆಯೆಲ್ಲವೂ ಗಿಣ್ಣದ ಹಾಲಿನಲ್ಲಿದೆ. ಆ ರಕ್ಷೆಯನ್ನು ಕರುಳು ರಕ್ತಕ್ಕೆ ಹೀರಿಕೊಳ್ಳಬಲ್ಲದ್ದೂ ಹುಟ್ಟಿದ ಸುಮಾರು ೨೪ ಗಂಟೆಗಳವರೆಗೆ ಮಾತ್ರ. ಗಂಟೆಗಂಟೆಗೂ ಬಾಗಿಲು ಮುಚ್ಚುತ್ತ ಬಂದು, ಮರುದಿನಕ್ಕೆ ಪೂರಾ ಮುಚ್ಚಿಹೋಗುತ್ತದೆ.

ಈ ಸಂಗತಿಯನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಯಾದ ರಾಲ್ಫ್ ಲಿಟ್ಲ್. ದನಗಳ ಒಂದು ಜ್ವರವು ಉಣ್ಣೆಯಿಂದ ಹರಡುವುದೆಂದು ೧೮೯೩ರಲ್ಲಿಯೇ ಸಾಧಿಸಿ ಕೀರ್ತಿ ಪಡೆದಿದ್ದ ಸ್ಮಿತ್ತರು, ೧೯೨೨ರಲ್ಲಿ ಕರುಗಳನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಗಿಣ್ಣದ ಹಾಲನ್ನು ಕುಡಿಸಿ, ಇನ್ನೊಂದಕ್ಕೆ ಅದನ್ನು ತಪ್ಪಿಸಿ ನೋಡಿದರು. ಗಿಣ್ಣು ಕುಡಿದ ಕರುಗಳು ಬದುಕಿದುವು; ಕುಡಿಯದ ಕರುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತುವು. ಅವನ್ನು ಕೊಂದದ್ದು ಯಾವುದೋ ಘೋರವಾದ ಹೊಸ ಕ್ರಿಮಿಯಲ್ಲ. ಎಲ್ಲ ದನಗಳ ಕರುಳಿನಲ್ಲಿಯೂ ಸಾಧಾರಣವಾಗಿ ವಾಸಿಸುವ ಕೋಲಿ ಎಂಬ ಬ್ಯಾಕ್ಟೀರಿಯವೇ.

ಪಟ್ಟಣವಾಸಿಗಳಾದ ನಮಗೆ ಗಿಣ್ಣು ಎಂದರೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಒಂದು ಭಕ್ಷ್ಯ. ಹಸು ಈದ ಮನೆಯಿಂದ ಯಾರಾದರೂ ತಂದುಕೊಟ್ಟರೆ ಸಂತೋಷದಿಂದ ತಿನ್ನುತ್ತೇವೆ. ಕರು ಕುಡಿದು ಮಿಕ್ಕುದಾದರೆ ತಿನ್ನುವುದರಲ್ಲಿ ದೋಷವೇನೂ ಇಲ್ಲ. ಕರುವಿನ ಬಾಯಿಗೆ ಬೀಳುವ ಮೊದಲೇ ಪಾತ್ರೆಗೆ ಕರೆದುದಾದರೆ, ನಾವು ತಿಂದದ್ದು ಅದರ ಮೊದಲನೆಯ ಔಷಧವನ್ನು.

ನಮ್ಮ ಹಳೆಯ ರಾಜ್ಯನೀತಿಯು ಇದರ ಒಂದು ಭಾಗವನ್ನು ಅರಿತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಮಳೆಗಾಲ, ಶರತ್ತು, ಹೇಮಂತಗಳಲ್ಲಿ ಹಸುವನ್ನು ಎರಡು ಹೊತ್ತು ಕರೆಯಬಹುದು. ಶಿಶಿರ, ವಸಂತ, ಗ್ರೀಷ್ಮಗಳಲ್ಲಿ ಒಂದೇ ಹೊತ್ತು ಎಂದು ಅಲ್ಲಿ ವಿಧಿ. ಮೇವು ಬತ್ತಿದ ಕಾಲದಲ್ಲಿ ಎರಡನೆಯ ಸಲ ಕರೆದ ಗೊಲ್ಲನಿಗೆ ಹೆಬ್ಬೆರಳನ್ನು ಕತ್ತರಿಸುವ ಶಿಕ್ಷೆ! ದಂಡವು ಕ್ರೂರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಹಿಂದಿರುವ ಲೆಕ್ಕಾಚಾರವು ಸ್ಪಷ್ಟ: ಕರುವಿನ ಪಾಲಿನ ಹಾಲನ್ನು ಕದ್ದವನು ರಾಜನ ನಾಳಿನ ಎತ್ತನ್ನು ಕದ್ದಂತೆ. ನಮ್ಮ ಮೈಸೂರು ಸೀಮೆಯಲ್ಲಿಯೂ ಅದೇ ಲೆಕ್ಕ ನಡೆದಿದೆ. ೧೬೭೨ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಇದ್ದ ದನಗಳ ಇಲಾಖೆಯೇ ಟಿಪ್ಪು ಸುಲ್ತಾನನ ಕಾಲಕ್ಕೆ ಅಮೃತ ಮಹಲ್ ಎಂದಾಯಿತು. ಸೈನ್ಯದ ಫಿರಂಗಿ ಎಳೆಯುವ, ದಿನವೆಲ್ಲ ನಡೆದರೂ ದಣಿಯದ ಎತ್ತುಗಳು ಬೇಕಾಗಿದ್ದ ಕಾರಣ, ಅಲ್ಲಿ ತಾಯಿಯ ಹಾಲನ್ನು ಕರುವಿಗೇ ಬಿಡುವ ಪದ್ಧತಿಯಿತ್ತು. ಆ ತಳಿಯ ಹಸುಗಳು ಇಂದಿಗೂ ಹಾಲಿಗೆ ಹೆಸರಾದವಲ್ಲ.

ಇನ್ನು ಮೂಲಿಕೆಗಳು. ಕನ್ನಡದಲ್ಲಿ ಪಶುವೈದ್ಯದ ಮೇಲೆ ಬರೆದ ಮೊದಲಿಗರಲ್ಲಿ ಒಬ್ಬನು ಕೀರ್ತಿವರ್ಮನೆಂಬ ಚಾಲುಕ್ಯ ರಾಜಕುಮಾರ. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ತಮ್ಮ. ಅವನ ‘ಗೋವೈದ್ಯ’ದಲ್ಲಿ ಔಷಧವೂ ಮಂತ್ರವೂ ಒಟ್ಟೊಟ್ಟಿಗೆ ಬರುತ್ತವೆ. ಇದನ್ನು ಕಂಡು ಇಂಗ್ಲಿಷು ಓದಿದ ನಮ್ಮವರು ಕೆಲವರು ನಗುವುದುಂಟು. ನಗುವ ಮುನ್ನ, ಇದಾಗಿ ಏಳು ನೂರು ವರ್ಷಗಳ ಮೇಲೆ ಇಂಗ್ಲೆಂಡಿನ ಪಶುವೈದ್ಯರು ಏನು ಮಾಡುತ್ತಿದ್ದರೆಂಬುದನ್ನು ನೋಡಬೇಕು. ೧೮೩೦ರ ದಶಕದಲ್ಲಿ ದನಕುರಿಗಳ ವಿಷಯವಾಗಿ ದೊಡ್ಡ ಗ್ರಂಥಗಳನ್ನು ಬರೆದ ವಿಲಿಯಂ ಯೂಅಟ್ಟರು ಕುರಿಮರಿಗಳ ಭೇದಿಗೆ ಹೇಳಿದ ಮದ್ದು ಸೀಮೆಸುಣ್ಣ, ಕಾಚು, ಶುಂಠಿ, ಅಫೀಮುಗಳ ಪುಡಿಯನ್ನು ಪುದೀನದ ನೀರಿನಲ್ಲಿ ಕದಡಿದುದು. ಕಾಚು ಎಂದರೆ ನಾವು ವೀಳ್ಯದೊಡನೆ ತಿನ್ನುವ ಆ ಕಾಚೇ. ಭಾರತ ಬರ್ಮಾಗಳ ಕಗ್ಗಲಿ ಜಾತಿಯ ಮರದಿಂದ ಹೋದದ್ದು. ಮಂತ್ರವೊಂದನ್ನು ಬಿಟ್ಟರೆ ಇಂಗ್ಲೆಂಡಿನ ಕುರಿದೊಡ್ಡಿಗೂ ನಮ್ಮ ಹಳ್ಳಿಯ ಕೊಟ್ಟಿಗೆಗೂ ಆ ಕಾಲದಲ್ಲಿ ಹೆಚ್ಚಿನ ಅಂತರವಿದ್ದಿಲ್ಲ. ಕಾಚಿನ ಒಗರು, ನಮ್ಮವರು ಕೊಡುತ್ತಿದ್ದ ದಾಳಿಂಬೆ ಸಿಪ್ಪೆಯ ಒಗರು, ಇವೆರಡಕ್ಕೂ ಕಾರಣ ಟ್ಯಾನಿನ್ ಎಂಬ ಒಂದೇ ವರ್ಗದ ವಸ್ತು. ಅದು ಕರುಳಿನ ಒಳಮೈಯನ್ನು ಬಿಗಿಮಾಡುತ್ತದೆ. ಅಫೀಮು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ಇವುಗಳಲ್ಲಿ ಗುಣವಿದ್ದಿತು. ಎಷ್ಟು ಮರಿಗಳಿಗೆ ಕೊಟ್ಟಲ್ಲಿ ಎಷ್ಟು ಬದುಕಿದುವು, ಕೊಡದಿದ್ದರೆ ಎಷ್ಟು ಬದುಕುತ್ತಿದ್ದುವು ಎಂದು ಎಣಿಸಿ ನೋಡುವ ಪದ್ಧತಿಯೊಂದು ಮಾತ್ರ ಎರಡು ಕಡೆಯೂ ಇರಲಿಲ್ಲ.

ಈಗ ಓಮಕ್ಕೆ ಬರೋಣ. ಮಗುವಿಗೆ ಹೊಟ್ಟೆನೋವು ಬಂದರೆ ಓಮದ ನೀರು ಕುಡಿಸದ ಮನೆ ಕನ್ನಡನಾಡಿನಲ್ಲಿ ವಿರಳ. ಕರುವಿನ ಹೊಟ್ಟೆಯುಬ್ಬರಕ್ಕೂ ಅದನ್ನೇ ಅರೆದು ಕುಡಿಸುತ್ತಾರೆ. ಆ ಕಾಳಿನ ಘಾಟಿಗೆ ಕಾರಣವಾದ ವಸ್ತುವಿನ ಹೆಸರು ಥೈಮಾಲ್. ಯೂರೋಪಿನವರು ಇದನ್ನು ಮೊದಲು ಕಂಡದ್ದು ತಮ್ಮ ಥೈಮ್ ಎಂಬ ಗಿಡದಲ್ಲಿ. ಆದುದರಿಂದಲೇ ಆ ಹೆಸರು. ಆದರೆ ಅದನ್ನು ಹೇರಳವಾಗಿ ತೆಗೆಯಬೇಕಾದರೆ ಓಮದ ಕಾಳಿಗೆ ಸಮನಾದುದು ಇಲ್ಲವೆಂದು ಬೇಗನೆ ಗೊತ್ತಾಯಿತು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ದೇಶದ ಓಮವು ಮೂಟೆಮೂಟೆಯಾಗಿ ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿಯ ಕಾರ್ಖಾನೆಗಳು ಅದನ್ನು ಬಟ್ಟಿಯಿಳಿಸಿ, ಹರಳಾಗಿ ಮಾಡಿ, ಜಗತ್ತಿಗೆಲ್ಲ ಮಾರುತ್ತಿದ್ದುವು.

ಆ ಹರಳಿಗೆ ಅಷ್ಟು ಗಿರಾಕಿ ಏತಕ್ಕೆ? ಆಲ್ಪ್ಸ್ ಪರ್ವತದಲ್ಲಿ ಸೇಂಟ್ ಗೋಥಾರ್ಡ್ ಸುರಂಗವನ್ನು ಕೊರೆಯುತ್ತಿದ್ದ ಕೂಲಿಗಳು ರಕ್ತಹೀನರಾಗಿ ಬೀಳತೊಡಗಿದಾಗ, ಅವರ ಕರುಳಿನಲ್ಲಿ ಕೊಕ್ಕೆಹುಳು ಕಾಣಿಸಿತು. ೧೮೮೦ರ ಸುಮಾರಿನಲ್ಲಿ ಇಟಲಿಯ ವೈದ್ಯ ಬೊಜ್ಜೊಲೊ ಅದಕ್ಕೆ ಥೈಮಾಲನ್ನು ಕೊಟ್ಟು ಗೆದ್ದರು. ೧೯೦೯ರಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ರಾಕ್‌ಫೆಲರ್ ಮಂಡಲಿಯು ಕೊಕ್ಕೆಹುಳುವಿನ ಮೇಲೆ ದಂಡೆತ್ತಿದಾಗಲೂ ಅವರ ಕೈಯಲ್ಲಿದ್ದ ಆಯುಧವು ಥೈಮಾಲೇ. ೧೯೧೪ರಲ್ಲಿ ಮಹಾಯುದ್ಧವು ಬಂದು ಜರ್ಮನಿಯ ಮಾರ್ಗ ಮುಚ್ಚಿಹೋಗಲು ಅದರ ಬೆಲೆ ಏರಿತು. ಓಮ ಬೆಳೆಯುವ ದೇಶಕ್ಕೆ ಅದರ ಸತ್ವವನ್ನು ತಾನೇ ತೆಗೆಯಬಹುದೆಂಬ ಬುದ್ಧಿಯೂ ಆಗಲೇ ಬಂದಿತು. ಆದರೆ ೧೯೨೧ರಲ್ಲಿ ಅಮೆರಿಕದ ಮಾರಿಸ್ ಹಾಲ್ ಎಂಬ ಪ್ರಾಣಿರೋಗಶಾಸ್ತ್ರಜ್ಞರು ನಾಯಿಗಳ ಕೊಕ್ಕೆಹುಳುವಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ಅಗ್ಗದ ದ್ರವವು ಸಾಕೆಂದು ತೋರಿಸಿದರು. ಕೆಲವು ವರ್ಷಗಳಲ್ಲಿ ಓಮದ ಸತ್ವವು ವೈದ್ಯರ ಪೆಟ್ಟಿಗೆಯಿಂದ ಇಳಿದುಹೋಯಿತು. ಆ ಅಗ್ಗದ ದ್ರವವು ಯಕೃತ್ತಿಗೆ ವಿಷವೆಂಬುದು ಕ್ರಮೇಣ ತಿಳಿದುಬಂದು, ಕಡೆಗೆ ಅದಕ್ಕೂ ಅದೇ ಗತಿಯಾಯಿತು. ಮೂಲಿಕೆಯು ಸೋತದ್ದು ಮೂಢನಂಬಿಕೆಯೆಂಬ ಕಾರಣದಿಂದಲ್ಲ, ಬೆಲೆಯಿಂದ ಎಂಬುದನ್ನು ಗಮನಿಸಬೇಕು.

ಮುಂದಿನ ಅಂಕವು ತೆರೆಯುವುದು ಅಮೆರಿಕದ ಒಂದು ಔಷಧ ಕಾರ್ಖಾನೆಯಲ್ಲಿ. ಬೆಂಜಮಿನ್ ಡಗ್ಗರ್ ಎಂಬ ಸಸ್ಯಶಾಸ್ತ್ರಜ್ಞರು, ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ ಮೇಲೆ, ಮಿಸ್ಸೂರಿ ಪ್ರಾಂತದ ಒಂದು ಹೊಲದ ಮಣ್ಣಿನಲ್ಲಿದ್ದ ಜೀವಿಯಿಂದ ಹೊನ್ನಿನ ಬಣ್ಣದ ಪ್ರತಿಜೀವಕವೊಂದನ್ನು ತೆಗೆದು ೧೯೪೮ರಲ್ಲಿ ಪ್ರಕಟಿಸಿದರು. ಆರಿಯೊಮೈಸಿನ್ ಎಂದು ಅದರ ಹೆಸರು. ಅದೇ ಸಂಸ್ಥೆಯಲ್ಲಿದ್ದ ಥಾಮಸ್ ಜ್ಯೂಕ್ಸ್, ರಾಬರ್ಟ್ ಸ್ಟೋಕ್‌ಸ್ಟಡ್ ಎಂಬಿಬ್ಬರು ಕೋಳಿಮರಿಗಳಿಗೆ ಬಿ-೧೨ ಜೀವಸತ್ವವನ್ನು ಅಗ್ಗವಾಗಿ ಒದಗಿಸುವ ವಸ್ತುವನ್ನು ಹುಡುಕುತ್ತ, ಔಷಧವನ್ನು ತೆಗೆದಮೇಲೆ ಉಳಿದ ಗಸಿಯನ್ನು ಮೇವಿಗೆ ಬೆರೆಸಿ ನೋಡಿದರು. ಜೀವಸತ್ವದಿಂದ ಆಗಬೇಕಾದುದಕ್ಕಿಂತ ಹೆಚ್ಚಾಗಿ ಮರಿಗಳು ಬೆಳೆದುವು. ಗಸಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಔಷಧವೇ ಈ ಕೆಲಸವನ್ನು ಮಾಡಿತ್ತು. ೧೯೫೦ರ ಏಪ್ರಿಲಿನಲ್ಲಿ ಈ ಸುದ್ದಿ ಹೊರಬಿದ್ದಿತು. ೧೯೫೧ರಲ್ಲಿ ಅಮೆರಿಕದ ಸರ್ಕಾರವು ವೈದ್ಯನ ಚೀಟಿಯಿಲ್ಲದೆಯೇ ಮೇವಿನಲ್ಲಿ ಬೆರೆಸಲು ಅನುಮತಿ ಕೊಟ್ಟಿತು. ೧೯೫೩ರಲ್ಲಿ ಇಂಗ್ಲೆಂಡು ಹಂದಿ, ಕೋಳಿಗಳ ಮಟ್ಟಿಗೆ ಅದೇ ದಾರಿ ಹಿಡಿಯಿತು.

ಈ ಔಷಧವು ಮರಿಗಳ ಹೊಟ್ಟೆಯನ್ನು ಕಾಪಾಡುವುದೆಂಬ ಧೈರ್ಯದ ಮೇಲೆ ಸಾಕುವ ಪದ್ಧತಿಯೇ ಬದಲಾಯಿಸಿತು. ಕಾಡಿನ ಹಂದಿಯ ಮರಿ ತಾಯಿಯ ಮೊಲೆಯನ್ನು ಪೂರಾ ಬಿಡುವುದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಯೂರೋಪಿನ ಹಳೆಯ ಒಕ್ಕಲಿಗನು ಎಂಟನೆಯ ವಾರದಲ್ಲಿ ಬಿಡಿಸುತ್ತಿದ್ದನು. ಹೊಸ ಪದ್ಧತಿಯು ಅದನ್ನು ಮೂರು ನಾಲ್ಕು ವಾರಗಳಿಗೆ ಇಳಿಸಿತು. ಮೂರು ವಾರದ ಮರಿಯನ್ನು ಒಂದೇ ದಿನದಲ್ಲಿ ತಾಯಿಯಿಂದ ಅಗಲಿಸಿ, ಗುರುತಿಲ್ಲದ ಮರಿಗಳ ನಡುವೆ ಬಿಟ್ಟು, ಬೆಚ್ಚಗಿನ ಹಾಲಿಗೆ ಬದಲಾಗಿ ಒಣಹಿಟ್ಟನ್ನಿಟ್ಟರೆ, ಅದು ಮೊದಲು ತಿನ್ನುವುದಿಲ್ಲ. ಆಮೇಲೆ ಹಸಿವು ತಾಳದೆ ಅತಿಯಾಗಿ ತಿನ್ನುತ್ತದೆ. ಕರುಳಿನ ಒಳಮೈಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತು ಆಹಾರವನ್ನು ಹೀರಿಕೊಳ್ಳುವ ಸೂಕ್ಷ್ಮವಾದ ಚಾಚುಗಳು ಆ ಕೆಲವು ದಿನಗಳಲ್ಲಿ ಮೊಟಕಾಗುತ್ತವೆ. ಜೀರ್ಣವಾಗದೆ ಉಳಿದ ಆಹಾರವು ಕೋಲಿ ಜಾತಿಯ ಬ್ಯಾಕ್ಟೀರಿಯಗಳಿಗೆ ಔತಣವಾಗುತ್ತದೆ. ತಾಯಿಯ ಹಾಲಿನೊಡನೆ ಬರುತ್ತಿದ್ದ ರಕ್ಷೆಯೂ ಅಂದೇ ನಿಂತಿರುತ್ತದೆ. ಇಷ್ಟನ್ನೂ ಮೇವಿನಲ್ಲಿ ಬೆರೆಸಿದ ಚಿಟಿಕೆ ಔಷಧವು ಮುಚ್ಚಿಹಾಕುತ್ತಿತ್ತು.

ಆ ಔಷಧವು ಕೆಲಸ ಮಾಡುವ ಬಗೆಯ ಮೇಲೆ ಬೆಳಕು ಚೆಲ್ಲಿದ ಪ್ರಯೋಗವು ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿ ನಡೆಯಿತು. ಮೇರಿ ಕೋಟ್ಸ್ ಮತ್ತು ಅವರ ಸಂಗಡಿಗರು ಯಾವ ಸೂಕ್ಷ್ಮಜೀವಿಯೂ ಸುಳಿಯದ ಪೆಟ್ಟಿಗೆಗಳಲ್ಲಿ ಕೋಳಿಮರಿಗಳನ್ನು ಸಾಕಿ, ಮೇವಿಗೆ ಪೆನಿಸಿಲಿನ್ ಬೆರೆಸಿದರು. ಆ ಮರಿಗಳ ಬೆಳವಣಿಗೆ ಅದರಿಂದ ಹೆಚ್ಚಲಿಲ್ಲ. ೧೯೬೩ರಲ್ಲಿ ಪ್ರಕಟವಾದ ಈ ಫಲದ ಅರ್ಥವು ಸರಳವಾದುದು. ಪ್ರತಿಜೀವಕವು ಆಹಾರವಾಗಿರಲಿಲ್ಲ, ಮರಿಯ ಸುತ್ತಲಿನ ಮಾಲಿನ್ಯಕ್ಕೆ ತೆರುತ್ತಿದ್ದ ಕಂದಾಯವಾಗಿತ್ತು. ಕೊಟ್ಟಿಗೆ ಎಷ್ಟು ಶುಚಿಯೋ ಲಾಭವು ಅಷ್ಟು ಕಡಮೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮೂಲಿಕೆಗಳ ವಿಚಾರ ಮತ್ತೆ ಬರುವಾಗ ಇದು ನಮಗೆ ಬೇಕಾಗುತ್ತದೆ.

ಕಂದಾಯವನ್ನು ಬಡ್ಡಿಸಹಿತ ತೆರುವ ಕಾಲ ಅದೇ ವರ್ಷ ಇಂಗ್ಲೆಂಡಿಗೆ ಬಂದಿತು. ಅಲ್ಲಿ ಹಾಲಿನ ಮಂದೆಗಳಲ್ಲಿ ಹುಟ್ಟಿದ, ಕೆಲವೇ ದಿನದ ಗಂಡುಕರುಗಳನ್ನು ದಲ್ಲಾಳಿಗಳು ಕೊಂಡು, ಹತ್ತಾರು ಮಂದೆಗಳ ಕರುಗಳನ್ನು ಒಂದೇ ಕೊಠಡಿಯಲ್ಲಿ ಕೂಡಿಹಾಕಿ, ಲಾರಿಗಳಲ್ಲಿ ದೇಶದ ಉದ್ದಗಲಕ್ಕೂ ಮಾರುತ್ತಿದ್ದರು. ಗಿಣ್ಣು ಸರಿಯಾಗಿ ಸಿಕ್ಕದ, ದಾರಿಯಲ್ಲಿ ಉಪವಾಸ ಬಿದ್ದ ಆ ಕರುಗಳಲ್ಲಿ ಸಾಲ್ಮೊನೆಲ್ಲ ರೋಗ ಹಬ್ಬಿತು. ಒಂದು ಔಷಧವು ಸೋತರೆ ಇನ್ನೊಂದನ್ನು ಕೊಟ್ಟರು. ಬ್ಯಾಕ್ಟೀರಿಯವು ಒಂದೊಂದಕ್ಕೂ ಜಗ್ಗದಂತಾಗುತ್ತ ಬಂದಿತು. ಲಂಡನ್ನಿನ ಪ್ರಯೋಗಶಾಲೆಯೊಂದರಲ್ಲಿ ಕುಳಿತು ದೇಶದ ಮೂಲೆಮೂಲೆಯಿಂದ ಬಂದ ಮಾದರಿಗಳನ್ನು ಪರೀಕ್ಷಿಸುತ್ತಿದ್ದ ಇ. ಎಸ್. ಆಂಡರ್ಸನ್ ಎಂಬ ವಿಜ್ಞಾನಿ, ಕರುಗಳಲ್ಲಿ ಕಂಡ ತಳಿಯೇ ಮನುಷ್ಯ ರೋಗಿಗಳಲ್ಲಿಯೂ ಇರುವುದನ್ನು ತೋರಿಸಿದರು. ಇದಕ್ಕಿಂತಲೂ ಗಾಬರಿಯ ಸಂಗತಿ ಬೇರೊಂದಿತ್ತು. ಔಷಧಕ್ಕೆ ಜಗ್ಗದಿರುವ ಈ ಶಕ್ತಿಯನ್ನು ಒಂದು ಬ್ಯಾಕ್ಟೀರಿಯವು ಮತ್ತೊಂದು ಜಾತಿಯ ಬ್ಯಾಕ್ಟೀರಿಯಕ್ಕೂ ದಾಟಿಸಬಲ್ಲದೆಂದು ಜಪಾನಿನ ವಿದ್ವಾಂಸರು ೧೯೫೯ರಲ್ಲಿಯೇ ಕಂಡುಹಿಡಿದಿದ್ದರು. ಕರುವಿನ ಕರುಳಿನಲ್ಲಿ ಕಲಿತ ವಿದ್ಯೆಯು ಮನುಷ್ಯನ ಕರುಳಿನಲ್ಲಿ ಪ್ರಯೋಗವಾಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಸರ್ಕಾರವು ಮೈಕಲ್ ಸ್ವಾನ್ ಎಂಬ ವಿದ್ವಾಂಸರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ೧೯೬೯ರ ನವೆಂಬರಿನಲ್ಲಿ ಪ್ರಕಟವಾದ ಅದರ ವರದಿಯು, ಚಿಕಿತ್ಸೆಗೆ ಬೇಕಾದ ಪ್ರತಿಜೀವಕಗಳನ್ನು ವೈದ್ಯನ ಅಪ್ಪಣೆಯಿಲ್ಲದೆ ಮೇವಿನಲ್ಲಿ ಬೆರೆಸಕೂಡದೆಂದಿತು. ಹಾಲನ್ನೋ ಮಾಂಸವನ್ನೋ ಕಣ್ಣಿನಿಂದಲೂ ಕಾಣದ ಪಟ್ಟಣದ ರೋಗಿಗೂ ಕೊಟ್ಟಿಗೆಯ ಕರುವಿಗೂ ನಂಟುಂಟೆಂದು ಸರ್ಕಾರಿ ಕಾಗದದಲ್ಲಿ ಒಪ್ಪಿಕೊಂಡದ್ದು ಅಲ್ಲಿಂದ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೮೬ರಲ್ಲಿ ಸ್ವೀಡನ್ ದೇಶವು, ತನ್ನ ರೈತರ ಸಂಘವೇ ಕೇಳಿಕೊಂಡ ಮೇರೆಗೆ, ಬೆಳವಣಿಗೆಗಾಗಿ ಪ್ರತಿಜೀವಕಗಳನ್ನು ಮೇವಿಗೆ ಹಾಕುವುದನ್ನು ನಿಷೇಧಿಸಿತು. ೧೯೯೫ರಲ್ಲಿ ಡೆನ್ಮಾರ್ಕ್ ಅವೊಪಾರ್ಸಿನ್ ಎಂಬುದನ್ನು ನಿಲ್ಲಿಸಿತು. ೧೯೯೯ರ ಕೊನೆಯ ವೇಳೆಗೆ ಅಲ್ಲಿಯ ಹಂದಿ ಸಾಕುವವರು ಎಳೆಮರಿಗಳಿಗೂ ಬೆಳವಣಿಗೆಯ ಔಷಧವನ್ನು ಬಿಟ್ಟರು. ೨೦೦೬ರ ಜನವರಿ ೧ರಿಂದ ಐರೋಪ್ಯ ಒಕ್ಕೂಟಕ್ಕೆಲ್ಲ ಅದೇ ಶಾಸನವಾಯಿತು. ೨೦೧೫ರಲ್ಲಿ ಚೀನದ ಹಂದಿಗಳಲ್ಲಿ, ಆಸ್ಪತ್ರೆಗಳ ಕಟ್ಟಕಡೆಯ ಔಷಧಗಳಲ್ಲಿ ಒಂದಾದ ಕೊಲಿಸ್ಟಿನ್ನಿಗೆ ಜಗ್ಗದ, ಜಾತಿಯಿಂದ ಜಾತಿಗೆ ದಾಟಬಲ್ಲ ಗುಣವು ಕಂಡುಬಂದು ವೈದ್ಯಲೋಕ ತಲ್ಲಣಿಸಿತು. ೨೦೧೯ರಲ್ಲಿ ಭಾರತವೂ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಔಷಧವನ್ನು ತೆಗೆದಾಗ ಮರಿಗಳ ಗತಿಯೇನಾಯಿತು? ಡೆನ್ಮಾರ್ಕಿನಲ್ಲಿ ಹಾಲು ಬಿಡಿಸಿದ ಮರಿಗಳ ಭೇದಿ ಮೊದಲು ಹೆಚ್ಚಿತು. ಚಿಕಿತ್ಸೆಗೆಂದು ಕೊಡುವ ಔಷಧವೂ ಏರಿತು. ಅದಕ್ಕೆ ಮುಂಚೆ ೧೯೮೯ರಲ್ಲಿ ಅದೇ ದೇಶದ ಪೌಲ್‌ಸೆನ್ ಎಂಬ ವಿದುಷಿಯು ಮೇವಿನ ಪ್ರತಿ ಕಿಲೋವಿಗೆ ೨,೫೦೦ ಮಿಲಿಗ್ರಾಂ ಸತುವನ್ನು ಅದರ ಆಕ್ಸೈಡಿನ ರೂಪದಲ್ಲಿ ಎರಡು ವಾರ ಕೊಟ್ಟರೆ ಭೇದಿ ತಗ್ಗುವುದೆಂದು ತೋರಿಸಿದ್ದರು. ಜನರು ಅದನ್ನು ಹಿಡಿದರು. ಮರಿಯ ದೇಹದಲ್ಲಿ ನಿಲ್ಲದ ಸತುವು ಗೊಬ್ಬರದೊಡನೆ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಸೇರುತ್ತ ಬಂದಿತು. ೨೦೨೨ರ ಜೂನಿನಲ್ಲಿ ಐರೋಪ್ಯ ಒಕ್ಕೂಟವು ಆ ಪ್ರಮಾಣದ ಸತುವಿಗೂ ತೆರೆಯೆಳೆಯಿತು. ಒಂದು ಊರುಗೋಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದೇ ಆಯಿತು. ಕಾಲನ್ನು ನೋಡಿಕೊಂಡವರು ಕಡಮೆ. ಸ್ವೀಡನ್ನಿನವರು ಸ್ವಲ್ಪ ನೋಡಿಕೊಂಡರೆಂದು ಹೇಳಬೇಕು. ಅವರು ಹಾಲು ಬಿಡಿಸುವ ದಿನವನ್ನು ಮುಂದಕ್ಕೆ ಹಾಕಿದರು, ಹುಲ್ಲಿನ ಹಾಸಿಗೆ ಕೊಟ್ಟರು, ಮೇವಿನಲ್ಲಿ ಸಸಾರಜನಕವನ್ನು ತಗ್ಗಿಸಿದರು.

ಈ ತೆರಪಿನಲ್ಲಿಯೇ ಮೂಲಿಕೆಗಳು ಮರಳಿ ಬಂದದ್ದು. ಮುಂಚೂಣಿಯಲ್ಲಿರುವುದು ಆರಿಗೆನೊ ಎಂಬ ಗ್ರೀಸ್, ಟರ್ಕಿ ಪ್ರಾಂತಗಳ ಗಿಡ. ನಮ್ಮ ಪಟ್ಟಣಗಳಲ್ಲಿ ಪಿಟ್ಜಾದ ಮೇಲೆ ಉದುರಿಸುವ ಎಲೆಯೇ ಅದು. ಅದರ ತೈಲದಲ್ಲಿ ಕಾರ್ವಾಕ್ರಾಲ್ ಎಂಬ ವಸ್ತುವೂ ಥೈಮಾಲೂ ಇವೆ. ಇವೆರಡೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಅವಳಿಗಳು. ನಮ್ಮ ಹಿತ್ತಲಿನ ದೊಡ್ಡಪತ್ರೆಯ ಘಾಟಿಗೂ ಇವೇ ಕಾರಣವಾದ್ದರಿಂದ, ತಂಬುಳಿ ಉಂಡವರಿಗೆ ಆರಿಗೆನೊವಿನ ರುಚಿ ಅಪರಿಚಿತವಾಗಲಾರದು. ಇವು ಬ್ಯಾಕ್ಟೀರಿಯದ ಹೊರಪೊರೆಯಲ್ಲಿ ಕರಗಿ ಸೇರಿ ಅದನ್ನು ಸೋರುವಂತೆ ಮಾಡುತ್ತವೆ. ದಾಲ್ಚಿನ್ನಿ, ಬೆಳ್ಳುಳ್ಳಿಗಳ ಸತ್ವಗಳು ತಮ್ಮ ತಮ್ಮ ರೀತಿಯಲ್ಲಿ ಅದೇ ಶತ್ರುವನ್ನು ಎದುರಿಸುತ್ತವೆ. ಗಾಜಿನ ನಳಿಗೆಯಲ್ಲಿ ನೋಡಿದರೆ ಇವುಗಳ ಪರಾಕ್ರಮವು ನಿಸ್ಸಂದೇಹವಾದುದು.

ತೊಡಕಿರುವುದು ಹೊಟ್ಟೆಯೊಳಗೆ. ಈ ತೈಲಗಳು ಬೇಗ ರಕ್ತಕ್ಕೆ ಸೇರಿಹೋಗುವುದರಿಂದ, ಬ್ಯಾಕ್ಟೀರಿಯಗಳು ಕಿಕ್ಕಿರಿದಿರುವ ಕೆಳಗರುಳಿಗೆ ತಲಪುವುದು ಅಲ್ಪ. ಇದಕ್ಕಾಗಿ ಕೊಬ್ಬಿನ ಲೇಪವುಳ್ಳ ಸಣ್ಣ ಕಣಗಳನ್ನಾಗಿ ಮಾಡುತ್ತಾರೆ. ನಳಿಗೆಯಲ್ಲಿ ಬ್ಯಾಕ್ಟೀರಿಯವನ್ನು ಕೊಂದಷ್ಟು ಪ್ರಮಾಣವನ್ನು ಮೇವಿಗೆ ಹಾಕಿದರೆ ಘಾಟಿಗೆ ಹೆದರಿ ಮರಿ ಮೇವನ್ನೇ ಮುಟ್ಟದಿರಬಹುದು. ಒಂದೇ ಗಿಡವು ಬೆಟ್ಟದಲ್ಲಿ ಬೆಳೆದಾಗ ಒಂದು ಗುಣ, ಬಯಲಿನಲ್ಲಿ ಬೆಳೆದಾಗ ಇನ್ನೊಂದು. ಹೂ ಬಿಡುವ ಮುನ್ನ ಕೊಯ್ದರೆ ಒಂದು, ಬಿಟ್ಟಮೇಲೆ ಕೊಯ್ದರೆ ಮತ್ತೊಂದು. ಆದುದರಿಂದ ಒಂದು ಕಡೆ ಮರಿಗಳ ತೂಕ ಹೆಚ್ಚಿ ಭೇದಿ ಕಡಮೆಯಾದುದೂ, ಮತ್ತೊಂದು ಕಡೆ ಏನೂ ವ್ಯತ್ಯಾಸ ಕಾಣದೆ ಹೋದುದೂ ಉಂಟು. ಹೀಗೇತಕ್ಕೆಂದು ಆಶ್ಚರ್ಯಪಡುವವರು ರೆಡಿಂಗ್ ನಗರದ ಕೋಳಿಮರಿಗಳನ್ನು ನೆನೆಯಬಹುದು. ಅಲ್ಲಿ ಪೆನಿಸಿಲಿನ್ನಿಗೆ ಮಾಡಲು ಕೆಲಸವಿರಲಿಲ್ಲ. ಮಾಲಿನ್ಯವಿಲ್ಲದ ಕೊಟ್ಟಿಗೆಯಲ್ಲಿ ಮೂಲಿಕೆಗೂ ಕೆಲಸ ಕಡಮೆ. ಮಾಲಿನ್ಯವೂ ಇಕ್ಕಟ್ಟೂ ಅಕಾಲವಿಯೋಗವೂ ಮಿತಿಮೀರಿದ ಕಡೆ ಮೂಲಿಕೆಯ ಕೈ ಸಾಲದು. ನಡುವಿನ ಸ್ಥಿತಿಯಲ್ಲಿ ಅದಕ್ಕೊಂದು ಸ್ಥಾನವುಂಟು. ಅದು ಚಿಕ್ಕದಲ್ಲವಾದರೂ ಅದನ್ನು ಮಾರುವವರು ಹೇಳುವಷ್ಟು ದೊಡ್ಡದೂ ಅಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಈಚಿನ ವರ್ಷಗಳಲ್ಲಿ ಹಳ್ಳಿಯ ಪಶುಮದ್ದುಗಳನ್ನು ಒಟ್ಟುಗೂಡಿಸಿ ಪ್ರಚಾರ ಮಾಡುತ್ತಿದೆ. ದನಗಳ ಭೇದಿಗೆ ಅದು ಹೇಳುವ ಮುದ್ದೆಯಲ್ಲಿ ಮೆಂತ್ಯ, ಜೀರಿಗೆ, ಮೆಣಸು, ಅರಿಸಿನ, ಇಂಗು, ಬೆಳ್ಳುಳ್ಳಿ, ಕರಿಬೇವು, ಬೆಲ್ಲ ಸೇರಿವೆ. ಇದು ನಮ್ಮ ಸಾರಿನಪುಡಿಯ ಬಂಧುವೆಂದು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಕೀರ್ತಿವರ್ಮನ ಕಾಲಕ್ಕೂ ಇಂದಿಗೂ ಇರುವ ಭೇದವನ್ನು ನಾವು ಉಳಿಸಿಕೊಳ್ಳಬೇಕಾದುದು ಒಂದೇ ವಿಷಯದಲ್ಲಿ: ಎಷ್ಟು ಕರುಗಳಿಗೆ ಕೊಟ್ಟಲ್ಲಿ ಎಷ್ಟು ಬದುಕಿದುವೆಂದು ಬರೆದಿಡಬೇಕು. ಬರೆದಿಡದಿದ್ದರೆ ಮಂತ್ರವನ್ನು ಬಿಟ್ಟೆವೆಂದು ಹೇಳಿಕೊಳ್ಳುವ ಅಧಿಕಾರ ನಮಗಿಲ್ಲ.

ಭೇದಿಯಾದ ಕರುವನ್ನು ಕೊಲ್ಲುವುದು ಬಹುಮಟ್ಟಿಗೆ ಬ್ಯಾಕ್ಟೀರಿಯವಲ್ಲ, ನೀರು ಮತ್ತು ಲವಣಗಳ ನಷ್ಟ. ಎಷ್ಟೋ ಸಲ ಅಲ್ಲಿ ಬ್ಯಾಕ್ಟೀರಿಯವೇ ಇರುವುದಿಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ಚಾರ್ಲ್ಸ್ ಮೀಬಸ್ ೧೯೬೯ರಲ್ಲಿ ಕಂಡ ವೈರಸ್ಸಿನಂಥದು ಇರುತ್ತದೆ. ವೈರಸ್ಸಿಗೆ ಪ್ರತಿಜೀವಕವು ತಾಗುವುದೇ ಇಲ್ಲ. ೧೯೭೧ರಲ್ಲಿ ಬಾಂಗ್ಲಾ ದೇಶದ ನಿರಾಶ್ರಿತರು ಗಡಿಯ ಬನಗಾಂವಿನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಸಕ್ಕರೆ, ಉಪ್ಪು, ಸೋಡಗಳನ್ನು ನೀರಿನಲ್ಲಿ ಕರಗಿಸಿ ಬಾಯಿಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಸಕ್ಕರೆಯೊಡನೆ ಉಪ್ಪನ್ನೂ, ಉಪ್ಪಿನೊಡನೆ ನೀರನ್ನೂ ಕರುಳು ಒಳಕ್ಕೆ ಸೆಳೆದುಕೊಳ್ಳುವ ಆ ತತ್ತ್ವವು ಕರುವಿನ ಕರುಳಿಗೂ ಒಂದೇ. ಪಶುವೈದ್ಯರು ಇಂದು ಉಚ್ಚುವ ಕರುವಿಗೆ ಮೊದಲು ಕುಡಿಸುವುದು ಅಂಥ ದ್ರಾವಣವನ್ನೇ, ಓಮವೋ ಮಾತ್ರೆಯೋ ಆಮೇಲೆ. ಅದಕ್ಕಿಂತಲೂ ಮೊದಲು ಕೊಡಬೇಕಾದುದರ ಅಳತೆಯನ್ನು ಹೇಳಿ ಮುಗಿಸುತ್ತೇನೆ: ೨೦ ಕಿಲೋ ತೂಕದ ಕರುವಿಗೆ, ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ, ತಾಯಿಯ ಗಿಣ್ಣದ ಹಾಲು ೨ ಲೀಟರು.